ಏದುಸಿರಿಗೆ ಹತ್ತಕ್ಕೆ ಹತ್ತು

"ನೋಡ್ತಾ ಇರು, ಆರೇ ವಾರ! ಮಗಳ ಮನೆಯ ಮೂರನೇ ಮಹಡಿಗೆ ನಾನೇ ಹತ್ತಿ ಹೋಗಿ ಮೊಮ್ಮಗಳನ್ನ ಎತ್ಕೊಳ್ತೀನಿ!" ಎಂದು ಹೆಂಡತಿಯೆದುರು ಶಪಥ ಮಾಡಿದೆ.

ಆ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಸಿಗರೇಟನ್ನು ನಾನು ಬಿಟ್ಟು ನಾಲ್ಕು ವರ್ಷವಾದರೂ ಅದು ಅಂಟಿಸಿದ ಶ್ವಾಸಕೋಶದ ಕಾಯಿಲೆ ನನ್ನನ್ನು ಬಿಟ್ಟಿಲ್ಲ. ಮಗಳು ಕೂಸನ್ನು ಕೆಳಗೆ ತರುತ್ತಾಳೆ, ನಾನು ಗೇಟಿನ ಹತ್ತಿರವೇ ನಿಂತು ನೋಡಿ ವಾಪಸ್ ಬರುತ್ತೇನೆ. ನಾನು ಅಜ್ಜನೋ, ಕೊರಿಯರ್‌ನವನೋ!

ಡಾಕ್ಟರು ನನ್ನನ್ನು ಆಸ್ಪತ್ರೆಯ ಆರು ವಾರದ ವ್ಯಾಯಾಮದ ತರಗತಿಗೆ ಸೇರಿಸಿದರು. ತರಗತಿ! ಮೂವತ್ತಾರು ವರ್ಷ ಗಣಿತದ ಮೇಷ್ಟ್ರಾಗಿದ್ದವನಿಗೆ ಇದೊಂದು ಲೆಕ್ಕವೇ? ಮೊದಲ ದಿನ ಫಿಸಿಯೋಥೆರಪಿ ಮೇಡಂ ಗೋಡೆಯ ಮೇಲಿದ್ದ ಸೊನ್ನೆಯಿಂದ ಹತ್ತರವರೆಗಿನ ಪಟ್ಟಿ ತೋರಿಸಿ ಏನೇನೋ ವಿವರಿಸಿದರು. ನಾನು ಪಕ್ಕದಲ್ಲಿದ್ದ ನಿವೃತ್ತ ಕಂಡಕ್ಟರ್ ಜೊತೆ ಹರಟೆಯಲ್ಲಿದ್ದೆ.

ಹತ್ತು ನಿಮಿಷ ಸೈಕಲ್ ತುಳಿದ ಮೇಲೆ ಮೇಡಂ ಕೇಳಿದರು, "ಉಸಿರು ಹೇಗಿದೆ ಸರ್? ಹತ್ತಕ್ಕೆ ಎಷ್ಟು?"

ಸಂಕೋಚದಿಂದ "ಏಳು" ಎಂದೆ.

ಮರುದಿನ ಸೈಕಲ್ ಐದೇ ನಿಮಿಷ! ಅಂಕ ಸಾಲದೆಂದುಕೊಂಡು "ಎಂಟು" ಎಂದೆ. ಸೈಕಲ್ಲೇ ಹೋಯಿತು. "ಒಂಬತ್ತು" ಎಂದ ದಿನ ಕುರ್ಚಿಯಲ್ಲಿ ಕೂತು ಕೈ ಎತ್ತಿ ಇಳಿಸುವ ಶಿಶುವಿಹಾರಕ್ಕೆ ಬಂದೆ. ಅತ್ತ ಕಂಡಕ್ಟರ್ "ಮೂರು" ಎಂದ. ಅವನಿಗೆ ಮೆಟ್ಟಿಲು ಹತ್ತುವ ಬಡ್ತಿ! ನನಗೆ ತಲೆಬುಡ ತಿಳಿಯಲಿಲ್ಲ.

"ಯಾಕ್ರೀ ಮುಖ ಊದಿಸ್ಕೊಂಡಿದ್ದೀರಿ?" ಎಂದಳು ಹೆಂಡತಿ.

"ಪಕ್ಷಪಾತ ಕಣೇ! ಮೂರು ತೆಗೆದೋನು ಪಾಸು, ಒಂಬತ್ತು ತೆಗೆದೋನು ಫೇಲು!"

"ಹಾಗಿದ್ರೆ ಇನ್ನೊಂದು ತೆಗೀರಿ."

ತೆಗೆದೆ. ಮರುದಿನ ಎದೆಯುಬ್ಬಿಸಿ "ಹತ್ತು!" ಎಂದು ಘೋಷಿಸಿದೆ. ಮೇಡಂ ಮುಖ ಬಿಳಿಚಿತು. ಗಾಲಿಕುರ್ಚಿ ಬಂತು, ಆಕ್ಸಿಜನ್ ಬಂತು, ಡಾಕ್ಟರು ಓಡಿಬಂದರು. ಫೋನು ಹೋಗಿ ಹೆಂಡತಿಯೂ ಅಳುತ್ತಾ ಬಂದಳು. ಬೆರಳಿಗೆ ಸಿಕ್ಕಿಸಿದ ಯಂತ್ರ ಮಾತ್ರ ಎಲ್ಲ ಸರಿಯಾಗಿದೆ ಎನ್ನುತ್ತಿತ್ತು. ಅವರಿಗೂ ಗೊಂದಲ, ನನಗೂ ಗೊಂದಲ!

"ಹತ್ತಕ್ಕೆ ಹತ್ತು ಕೊಟ್ಟಿದ್ದೀನಲ್ಲ ಮೇಡಂ, ಇನ್ನೇನು ಬೇಕು? ಮೆಟ್ಟಿಲು ಹತ್ತಿಸಿ!"

"ಸರ್, ಹತ್ತು ಅಂದ್ರೆ ಉಸಿರೇ ಸಿಗ್ತಿಲ್ಲ ಅಂತ! ಸೊನ್ನೆ ಅಂದ್ರೆ ಆರಾಮ!"

ಜೀವಮಾನವಿಡೀ ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದವನಿಗೆ ಆ ಸೊನ್ನೆಯೇ ಮೊದಲ ರ್‍ಯಾಂಕ್ ಎಂದರೆ ಹೇಗಾಗಬೇಡ! ಹೆಂಡತಿ ಕಣ್ಣೊರೆಸಿಕೊಂಡು ಇಡೀ ವಾರ್ಡಿಗೆ ಕೇಳುವಂತೆ ಬೈದಳು. ನನಗೆ ನಾಚಿಕೆಯಾಯಿತು.

ಮತ್ತೆ ಸೈಕಲ್‌ನಿಂದ ಶುರು. ಆರು ವಾರ ಹನ್ನೊಂದಾಯಿತು. ಕೊನೆಗೂ ಮೇಡಂ ಒಪ್ಪಿಗೆ ಕೊಟ್ಟರು: "ತುಟಿ ಚೂಪು ಮಾಡಿ ನಿಧಾನ ಉಸಿರು ಬಿಡ್ತಾ ಹತ್ತಿ. ನಾಲ್ಕು ದಾಟಿದ್ರೆ ಕೂತ್ಕೊಳ್ಳಿ. ಸುಳ್ಳು ಹೇಳಬೇಡಿ."

ಬಿಸಿ ಹಾಲು ಆರಿಸುವವನಂತೆ ಊದುತ್ತಾ ಊದುತ್ತಾ ಮಗಳ ಮನೆಯ ಮೆಟ್ಟಿಲು ಹತ್ತಿದೆ. ಎರಡನೇ ಮಹಡಿಯಲ್ಲಿ ಕೂರಬೇಕಿತ್ತು. ಮೇಲಿಂದ ಕೂಸಿನ ದನಿ ಕೇಳಿತು, ಕೂರಲಿಲ್ಲ. ಮೂರನೇ ಮಹಡಿಯ ಬಾಗಿಲಲ್ಲಿ ಮಗಳು ಕೂಸನ್ನೆತ್ತಿಕೊಂಡು ನಿಂತಿದ್ದಳು. ನನಗೆ ಕಣ್ಣು ತುಂಬಿ ಬಂತು. ಎರಡೂ ಕೈ ಚಾಚಿದೆ.

"ಅಪ್ಪಾ, ಉಸಿರು ಎಷ್ಟು?"

ಗೋಡೆ ಹಿಡಿದು ಹೇಗೋ ಹೇಳಿದೆ, "ಒಂ... ದು!"

ಹಿಂದಿನಿಂದ ಕಂಬಿ ಹಿಡಿದು ಬರುತ್ತಿದ್ದ ಹೆಂಡತಿ ಕೊನೆಯ ಮೆಟ್ಟಿಲಲ್ಲಿ ನಿಂತು ಏದುಸಿರು ಬಿಟ್ಟಳು.

"ಕಾಯಿಲೆ ಇಲ್ಲದ ನಂಗೇ ಆರು! ನೀವು ಯಾರ ಪೇಪರ್ ನೋಡಿ ಬರೆದ್ರಿ? ಮೊದಲು ಕೂತ್ಕೊಳ್ಳಿ, ಆಮೇಲೆ ಕೂಸು!"