ಸರಳಾ ಸಾಕ್ಷಿ ಹೇಳಿಸಿದ ದಿನ

ಚೆನ್ನೈನ ಕಾಲೇಜಿನಲ್ಲಿ ಬಿಎಸ್ಸಿ ಫಿಸಿಕ್ಸ್ ಸೀಟು ಸಿಕ್ಕಿದೆಯೆಂದು ಮಾಲಿನಿಯ ಮೊಬೈಲಿಗೆ ಸಂದೇಶ ಬಂದಾಗ, ಅವಳ ಅಮ್ಮ ಸರಳಾ ಮುದ್ದೆ ತೊಳಸುತ್ತಿದ್ದಳು. ಅವತ್ತಿನ ಮುದ್ದೆ ಗಂಟುಗಂಟಾಯಿತು.

ಹೆಸರಾಂತ ಕಾಲೇಜು, ದೇಶದ ಕಾಲೇಜುಗಳ ಪಟ್ಟಿಯಲ್ಲಿ ಮೇಲಿನ ರ‍್ಯಾಂಕು. ಸಂಜೆಯೊಳಗೆ ಒಪ್ಪಿಗೆ ತಿಳಿಸಬೇಕು. ಹತ್ತಿರದ ಹೊಸೂರಿನಲ್ಲೂ ಅದೇ ಫಿಸಿಕ್ಸಿಗೆ ಸೀಟಿತ್ತು. ದಿನಾ ಬಸ್ಸಿನಲ್ಲಿ ಹೋಗಿ ಮನೆಗೆ ಬರಬಹುದು. ಗಂಡ ವಾಸುವಿಗೆ ಶಿಫ್ಟು, ಶಿಫ್ಟು ಮುಗಿದರೆ ನಿದ್ದೆ. ಮಗಳೂ ಹೋದರೆ ಈ ಮನೆಯಲ್ಲಿ ತನ್ನ ಮಾತಿಗೆ ಹೂಂಗುಟ್ಟುವವರು ಯಾರು?

ಆದರೆ ‘ಹೋಗಬೇಡ’ ಎನ್ನಲು ಬಾಯಿ ಬರಲಿಲ್ಲ. ತನ್ನ ಓದು ನಿಂತದ್ದು ಆ ಒಂದು ಮಾತಿನಿಂದಲೇ. ಹಾಗಾಗಿ, ಡಿಗ್ರಿಗೆ ರ‍್ಯಾಂಕು ಮುಖ್ಯವಲ್ಲವೆಂದು ಬೇರೆಯವರಿಂದ ಹೇಳಿಸಲು ಹೊರಟಳು.

ಮೊದಲು ಪಕ್ಕದ ಮನೆಯ ಗಂಗರತ್ನಮ್ಮ ಬಂದಳು. “ರ‍್ಯಾಂಕು ಗೀಂಕು ಎಲ್ಲಾ ಸುಳ್ಳು ಕಣಮ್ಮಿ” ಎಂದು ಸರಳಾ ಹೇಳಿಕೊಟ್ಟದ್ದನ್ನು ಒಪ್ಪಿಸಿದಳು. ಅಲ್ಲಿಗೇ ನಿಲ್ಲಿಸಲಿಲ್ಲ. “ಆದ್ರೂ ಗಂಡಿನ ಕಡೆಯೋರು ಮೊದ್ಲು ಕೇಳೋದು ಯಾವ ಕಾಲೇಜು ಅಂತಲೇ.”

ಆಮೇಲೆ ಸರಳಾಳ ತಮ್ಮ ಮುನೀಂದ್ರ, ಕಾರ್ಖಾನೆಯ ಸಮವಸ್ತ್ರದಲ್ಲೇ ಬಂದ. “ನಮ್ ಫ್ಯಾಕ್ಟ್ರೀಲಿ ಫಿಸಿಕ್ಸ್ ಓದ್ದೋನೂ ಅದೇ ಮಿಷಿನ್ ಒರಸ್ತಾನೆ, ಓದ್ದೇ ಇರೋನೂ ಅದೇ ಒರಸ್ತಾನೆ.”

“ಹಂಗಾರೆ ನಾನು ಫಿಸಿಕ್ಸೇ ಓದ್ಬಾರ್ದಾ ಮಾವ?” ಮಾಲಿನಿಯ ಕಣ್ಣು ತುಂಬಿತು.

ಸಾನಮಾವು ಕಾಡಿನ ಆನೆ ರಾಗಿ ಹೊಲ ದಾಟಿಹೋದಂತೆ ಮುನೀಂದ್ರ ಎಲ್ಲವನ್ನೂ ತುಳಿದು ಹೋಗಿದ್ದ.

ಕೊನೆಗೆ ಸರಳಾ ತನಗೆ ಪಾಠ ಹೇಳಿದ ವೆಂಕಟಸ್ವಾಮಿ ಮೇಷ್ಟ್ರನ್ನೇ ಕರೆತಂದಳು. ಅವರಿಗೆ ಏನೂ ಹೇಳಿಕೊಡಲು ಧೈರ್ಯವಾಗಲಿಲ್ಲ.

“ಮೊದಲನೇ ಡಿಗ್ರೀಲಿ ಎಲ್ಲೋದ್ರೂ ಅದೇ ನ್ಯೂಟನ್ ಕಣಮ್ಮ,” ಎಂದರು ಅವರು. “ರ‍್ಯಾಂಕು ಪಾಠ ಮಾಡಲ್ಲ. ಕೇಳಿದ್ದಕ್ಕೆ ಬೇಜಾರಿಲ್ದೆ ಹೇಳೋ ಮೇಷ್ಟ್ರು ಇದಾರಾ, ಲ್ಯಾಬಲ್ಲಿ ಸಾಮಾನು ನಿನ್ ಕೈಗೆ ಕೊಡ್ತಾರಾ, ಅಷ್ಟು ನೋಡು.”

ಮಾಲಿನಿ ಮೊಬೈಲು ಹಿಡಿದು ಒಳಗೆ ಹೋದಳು. ಹೊರಗೆ ಬಂದಾಗ ಮುಖ ಹಗುರಾಗಿತ್ತು. “ಸಾರ್ ಹೇಳಿದ್ದು ಸರಿ ಅಮ್ಮ. ಚೆನ್ನೈ ಬ್ಯಾಡ ಅಂತ ಹೇಳ್ಬುಟ್ಟೆ.”

ಸರಳಾ ಅಡುಗೆಮನೆಗೆ ಓಡಿ ಶಾವಿಗೆ ಪಾಯಸ ಮಾಡಿದಳು. ಗಂಗರತ್ನಮ್ಮನನ್ನೂ ಕೂಗಿ ಕರೆದಳು. ಎಲ್ಲರ ಲೋಟ ತುಂಬಿದ ಮೇಲೆ ಮಾಲಿನಿ ಹೇಳಿದಳು:

“ಕನ್ಯಾಕುಮಾರಿ ಹತ್ರ ಒಂದು ಕಾಲೇಜೂ ಸೀಟು ಕೊಟ್ಟಿತ್ತಮ್ಮ. ರ‍್ಯಾಂಕಿಲ್ಲ, ಬೈತೀರಿ ಅಂತ ಹೇಳಿರ್ಲಿಲ್ಲ. ಅಲ್ಲಿ ಟೆಲಿಸ್ಕೋಪು ಮಕ್ಳೇ ಬಿಚ್ಚಿ ಜೋಡಿಸ್ತಾರಂತೆ. ಅದನ್ನೇ ಒಪ್ಕೊಂಡೆ. ನೀನು ಇಷ್ಟು ಜನರ್ನ ಕರ್ಕೊಂಡ್ ಬಂದು ಹೇಳಿಸ್ದಿದ್ರೆ ನಂಗೆ ಧೈರ್ಯಾನೇ ಬತ್ತಿರ್ಲಿಲ್ಲ.”

ತಮಿಳುನಾಡಿನ ಈ ತುದಿ ಹೊಸೂರು. ಆ ತುದಿ ಕನ್ಯಾಕುಮಾರಿ. ಅದರಾಚೆ ಸಮುದ್ರ.

“ಚೆನ್ನೈಯೇ ಹತ್ರ ಇತ್ತಲ್ಲೇ ಸರಳಾ,” ಎಂದು ಗಂಗರತ್ನಮ್ಮ ಖಾಲಿ ಲೋಟ ಮುಂದೆ ಚಾಚಿದಳು.

ಸರಳಾ ಇನ್ನೊಂದು ಸೌಟು ಬಡಿಸಿದಳು. ಮಗಳ ಮುಖದ ಆ ಬೆಳಕನ್ನು ತನ್ನ ಮುಖದ ಮೇಲೆ ಯಾರೂ ಯಾವತ್ತೂ ಕಂಡಿರಲಿಕ್ಕಿಲ್ಲ ಎನಿಸಿತು.

“ಅಲ್ಲಿ ರಾಗಿ ಹಿಟ್ಟು ಸಿಕ್ತದೇನಮ್ಮಿ?” ಎಂದಷ್ಟೇ ಕೇಳಿದಳು.