ಪ್ರದೀಪ-೧ ಎಂಬ ಮೆಣಸಿನ ಜನ್ಮವೃತ್ತಾಂತ

ಲೋಕದಲ್ಲಿ ಈವರೆಗೆ ಹುಟ್ಟಿರದ ಒಂದು ಮೆಣಸನ್ನು ಹೊನ್ನಾವರದ ನಮ್ಮ ಹಿತ್ತಲಲ್ಲಿ ಹುಟ್ಟಿಸಿಯೇ ತೀರುತ್ತೇನೆಂದು ನಾನು ಘೋಷಿಸಿದ್ದು ಒಂದು ಭಾನುವಾರ, ಬಂಗಡೆ ಸಾರು ಉಣ್ಣುತ್ತಿದ್ದಾಗ!

ಕಾರಣವಿತ್ತು. ನನ್ನ ಹೆಂಡತಿ ಸುಶ್ಮಿತಾ ಸಾರಿಗೆ ಎರಡು ಜಾತಿಯ ಮೆಣಸು ಹಾಕುತ್ತಾಳೆ. ಬಣ್ಣಕ್ಕೆ ಪೇಟೆಯ ಬ್ಯಾಡಗಿ. ಖಾರಕ್ಕೆ ನಮ್ಮ ಬಾವಿಕಟ್ಟೆಯ ಪಕ್ಕ ತಾನಾಗಿ ಹುಟ್ಟಿದ ಸೂಜಿಮೆಣಸು. ನಾನೋ ಹೈಸ್ಕೂಲಿನ ಗಣಿತ ಮಾಸ್ತರ. ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಒಂದೇ ಮೆಣಸಿನಲ್ಲಿ ಕೆಲಸ ಮುಗಿಯಬೇಕಲ್ಲ? ಹೆಸರೂ ಆಗಲೇ ಸಿದ್ಧವಾಗಿತ್ತು: ಪ್ರದೀಪ-೧. ಪ್ರದೀಪ ಯಾರೆಂದರೆ ನಾನೇ.

ಅಂದು ಊಟಕ್ಕೆ ಬಂದಿದ್ದವರು ಸುಶ್ಮಿತಾಳ ಅಕ್ಕನ ಗಂಡ, ಬೆಳಕೆ ಊರಿನ ದಿನಕರ. ದೋಣಿಯ ತಾಂಡೇಲರು. ಅಂದರೆ ಇಪ್ಪತ್ತು ಜನರನ್ನು ಕಡಲಿಗೆ ಕರೆದೊಯ್ದು, ಅಷ್ಟೇ ಜನರನ್ನು ವಾಪಸು ತರುವ ಮನುಷ್ಯ. ಅವರು ಮುಳ್ಳು ಬಿಡಿಸುತ್ತಲೇ ಕೇಳಿದರು.

"ಮಾಸ್ತ್ರೇ, ಮೀನು ತಿನ್ನೂದು ಬಿಟ್ರೆ ನಿಮ್ಮ ಕೈ ಈ ಮನೇಲಿ ಎಂತ ಮಾಡಿದ್ದುಂಟು?"

ಮಾತು ನಾಟಿತು. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ನಾನು ಹಸಿ ಮೀನು ಮುಟ್ಟಿದವನಲ್ಲ. ಸೀಮೆಸುಣ್ಣ ಹಿಡಿಯುವ ಕೈಗೆ ವಾಸನೆ ಹತ್ತುತ್ತದೆಂದು ನೆಪ. ರೋಷದಲ್ಲಿ ಪಂದ್ಯ ಕಟ್ಟಿಯೇಬಿಟ್ಟೆ: ನಾನು ಹೇಳಿದ ಮೆಣಸು ಬರದಿದ್ದರೆ ಪ್ರತಿ ಭಾನುವಾರ ಈ ಮನೆಯ ಮೀನು ಕೊಯ್ದು ತೊಳೆಯುವವ ನಾನೇ!

ಸುಶ್ಮಿತಾ ನನ್ನ ತಟ್ಟೆಗೆ ಇನ್ನೊಂದು ಬಂಗಡೆ ಹಾಕಿ, "ಆತು, ನಾ ಸಾಕ್ಷಿ" ಎಂದಳು.

ಬ್ಯಾಡಗಿಯ ಬೀಜ ಬಿತ್ತಿ ಗಿಡ ಮಾಡಿದೆ. ಅದೇ ವರ. ವಧು ಬಾವಿಕಟ್ಟೆಯ ಸೂಜಿಮೆಣಸು. ಪುರೋಹಿತ ನಾನು. ಬೆಳಿಗ್ಗೆ ಎದ್ದು, ಇನ್ನೂ ಅರಳದ ಅಕ್ಕಿಕಾಳಿನಂಥ ಮೊಗ್ಗನ್ನು ಬಿಡಿಸಿ, ಅದರ ಕೇಸರಗಳನ್ನು ಚಿಮಟಿಗೆಯಿಂದ ಕಿತ್ತು, ಮಗಳ ಡ್ರಾಯಿಂಗ್ ಬ್ರಷ್ಷಿನಿಂದ ಬ್ಯಾಡಗಿಯ ಪರಾಗ ಸವರಿ, ತೊಟ್ಟಿಗೆ ಕೆಂಪು ನೂಲು ಕಟ್ಟುವುದು. ಅರವತ್ತು ಮೊಗ್ಗಿಗೆ ಮದುವೆ ಮಾಡಿಸಿದೆ. ಇಪ್ಪತ್ತೆರಡು ಕಾಯಿ ಕಚ್ಚಿತು.

ಚಿಮಟಿಗೆ ಸುಶ್ಮಿತಾಳದು, ಹುಬ್ಬು ತಿದ್ದುವಂಥದ್ದು. ಅದೇ ಚಿಮಟಿಗೆಯಲ್ಲಿ ನಾನು ನೂಲು ಕಟ್ಟದ ಒಂದು ಸೂಜಿಮೆಣಸಿನ ಹಣ್ಣು ಸೀಳಿ ಬೀಜ ಎಣಿಸಿದ್ದೆ, ತೊಳೆಯದೆ ವಾಪಸಿಟ್ಟಿದ್ದೆ. ಮರುದಿನ ಕುಮಟೆಯಲ್ಲಿ ಮದುವೆ. ಆ ಮದುವೆಯಲ್ಲಿ ಮದುಮಗಳಿಗಿಂತ ಹೆಚ್ಚು ಅತ್ತವಳು ನನ್ನ ಹೆಂಡತಿ. ಹೆಣ್ಣಿನ ಕಡೆಯವರು ಅವಳ ಪ್ರೀತಿಯನ್ನು ಇಂದಿಗೂ ಕೊಂಡಾಡುತ್ತಾರೆ.

ಕಾಯಿ ಕೆಂಪಾಯಿತು. ನೋಡಲು ಮಾತ್ರ ಥೇಟ್ ಸೂಜಿಮೆಣಸು: ಅದೇ ಗಾತ್ರ, ಆಕಾಶಕ್ಕೆ ಮುಖ ಮಾಡಿ ನಿಲ್ಲುವ ಅದೇ ಜಂಭ. ರೂಪ ಹಳೆಯದು, ಗುಣ ಹೊಸತು ಎಂದು ಸಮಾಧಾನ ಮಾಡಿಕೊಂಡು, ಇಪ್ಪತ್ತೆರಡನ್ನೂ ಒಣಗಿಸಿ, ದಿನಕರರನ್ನು ಊಟಕ್ಕೆ ಕರೆದೆ. ಖಾರ ಅರ್ಧಕ್ಕೆ ಇಳಿದಿರುವುದರಿಂದ ಬ್ಯಾಡಗಿಯ ಲೆಕ್ಕದಲ್ಲೇ ಇಪ್ಪತ್ತೆರಡನ್ನೂ ಅರೆಯಬೇಕೆಂದು ಸುಶ್ಮಿತಾಳಿಗೆ ಅಪ್ಪಣೆ ಕೊಟ್ಟೆ.

"ಒಂದು ಚೂರು ನಾಲಗೆಗೆ ಮುಟ್ಟಿಸಿ ನೋಡಿ ಮಾರಾಯ್ರೇ" ಎಂದಳು.

ಮೊದಲ ರುಚಿ ಅತಿಥಿಗೇ ಸಲ್ಲಬೇಕೆಂದೆ. ಅವಳು ತನಗೂ ಮಗಳಿಗೂ ಪುಟ್ಟ ಪಾತ್ರೆಯಲ್ಲಿ ಬೇರೆ ಸಾರು ಮಾಡಿಕೊಂಡದ್ದನ್ನು ನಾನು ಗಮನಿಸಬೇಕಿತ್ತು.

ದಿನಕರರು ಮೊದಲ ತುತ್ತು ಬಾಯಿಗಿಟ್ಟರು. ಅಳಿವೆಯ ಬಾಯಲ್ಲಿ ತೆರೆ ಎದ್ದಾಗಲೂ ಕಣ್ಣು ಮಿಟುಕಿಸದ ಮನುಷ್ಯ. ಬೋಳು ತಲೆಯ ಮೇಲೆ ಬೆವರು ಸಾಲುಗಟ್ಟಿತು. ಬಹಳ ಮೆಲ್ಲಗೆ ಕೇಳಿದರು: "ಮಾಸ್ತ್ರೇ, ನಿಮ್ಮ ಬಾವಿ ಯಾವ ಬದಿಗುಂಟು?"

ಉತ್ತರಕ್ಕೆ ಕಾಯದೆ ಎದ್ದು ಓಡಿದರು. ಗಣಿತದ ಮಾನ ಉಳಿಸಲು ನಾನೊಂದು ದೊಡ್ಡ ತುತ್ತು ನುಂಗಿದೆ. ಎರಡರ ಮಗ್ಗಿ ಮರೆತುಹೋಯಿತು! ಬಾವಿಕಟ್ಟೆಯಲ್ಲಿ ಒಂದೇ ಕೊಡಪಾನಕ್ಕೆ ನಾವಿಬ್ಬರೂ ಜಗಳಾಡುತ್ತಿದ್ದರೆ, ಪಕ್ಕದ ಸೂಜಿಮೆಣಸಿನ ಗಿಡ ತಲೆಯಾಡಿಸುತ್ತಿತ್ತು.

ಪಂದ್ಯ ಸೋತೆ. ತುಟಿ ಊದಿಸಿಕೊಂಡು ಅಡುಗೆಮನೆಗೆ ಹೋಗಿ, ಅಷ್ಟು ಶಾಸ್ತ್ರಬದ್ಧ ಮದುವೆ ಹೇಗೆ ಕೆಟ್ಟಿತೆಂದು ಗೋಳಾಡಿದೆ.

"ಮದ್ವೆ ಎಂತಕ್ಕೆ ಕೆಡ್ತದೆ?" ಎಂದಳು ಸುಶ್ಮಿತಾ. "ಬಸುರಿ ಆದಕೂಡ್ಲೆ ಹೆಂಗ್ಸಿನ ಮುಖ ಗಂಡನ ಹಾಗೆ ಆಗ್ತದ್ಯಾ? ಹುಟ್ಟೂ ಮಗುವಿಗೆ ಆ ಹೋಲಿಕೆ ಬರೂದು. ಮಗು ಇರೂದು ಬೀಜದಲ್ಲಿ."

"ಬೀಜ ಸಾರಿಗೆ ಹೋಯ್ತಲ್ಲೇ!"

ಅವಳು ಕಪಾಟಿನಿಂದ ಒಂದು ಬಾಟಲಿ ತೆಗೆದಳು. ಒಳಗೆ ಬೂದಿ, ಬೂದಿಯೊಳಗೆ ನನ್ನ ಬೀಜಗಳು. ಅರೆಯುವ ಮೊದಲು ಒಂದೊಂದೇ ಮೆಣಸು ಮುರಿದು ಉದುರಿಸಿಟ್ಟಿದ್ದಳು. ತವರೂರು ಮುಟ್ಟಳ್ಳಿಯಲ್ಲಿ ಅವಳ ಅಮ್ಮ ಬೀಜ ಕಾಪಿಡುತ್ತಿದ್ದದ್ದೇ ಹೀಗೆ.

"ಇಷ್ಟೆಲ್ಲ ಗೊತ್ತಿದ್ದೂ ಇಪ್ಪತ್ತೆರಡು ಮೆಣಸು ಯಾಕೆ ಅರೆದೆ?"

"ನೀವು ಲೆಕ್ಕ ಮಾಡಿ ಹೇಳಿದ್ದು. ಮಾಸ್ತರರ ಲೆಕ್ಕ ತಿದ್ದೂಕೆ ನಾ ಯಾರು?"

ಮುಂದಿನ ಕತೆ ಅವಳದು. ನಾನು ಹೊಗಳುಭಟ ಮಾತ್ರ. ಮೊದಲ ವರ್ಷ ಗಿಡಗಳೆಲ್ಲ ಒಂದೇ ತರ ಬಂದವು, ಕಾಯಿ ಅರ್ಧ ಬೆರಳುದ್ದ. ನಾನು ಕುಣಿದೆ. ತಡೀರಿ ಎಂದಳು. ಅವುಗಳ ಬೀಜ ಬಿತ್ತಿದ ಎರಡನೇ ವರ್ಷ, ನಲವತ್ತು ಗಿಡ, ನಲವತ್ತು ಸ್ವಭಾವ! ಒಂದು ಉದ್ದಕ್ಕಿದ್ದರೂ ಸಪ್ಪೆ, ಒಂದು ಗಿಡ್ಡಕ್ಕಿದ್ದರೂ ಬೆಂಕಿ, ಒಂದು ಸುಕ್ಕು, ಒಂದು ಸೊಟ್ಟ. ಪ್ರತಿ ಗಿಡದ ಒಣಮೆಣಸನ್ನೂ ನೀರಲ್ಲಿ ನೆನೆಸಿ ಬಣ್ಣ ನೋಡಿದಳು. ನಾಲಗೆಯ ತುದಿಗೆ ಮುಟ್ಟಿಸಿ ಕಣ್ಣು ಮುಚ್ಚಿ ಕೂತಳು. ಮತ್ತೆ ಎದ್ದು ಹೋಗಿ ಬೇಡದ್ದನ್ನು ಕಿತ್ತಳು. ಚೆಂದದ ಗಿಡಗಳ ಪರವಾಗಿ ನಾನು ವಕಾಲತ್ತು ವಹಿಸಿದರೆ, ಸಾರಿಗೆ ಹಾಕೂದು ಚೆಂದವನ್ನಲ್ಲ ಎಂದಳು. ಮೂವತ್ತೆಂಟು ಹೋದವು. ಎರಡು ಉಳಿದವು. ನಲವತ್ತು ಉತ್ತರಪತ್ರಿಕೆಗಳನ್ನು ಅಷ್ಟು ನಿಷ್ಠುರವಾಗಿ, ಅಷ್ಟು ನ್ಯಾಯವಾಗಿ ನಾನೆಂದೂ ತಿದ್ದಿದವನಲ್ಲ.

ನನ್ನ ಪಾಲಿಗೆ ಭಾನುವಾರಗಳು. ಮೆಟ್ಟುಗತ್ತಿಯ ಮುಂದೆ ಕೂತು ಕಿವಿರು ಕಿತ್ತೆ, ಬೆರಳೂ ಕೊಯ್ದುಕೊಂಡೆ. ಮೀನು ತೊಳೆದ ನೀರನ್ನು ಆ ಎರಡು ಗಿಡಗಳ ಬುಡಕ್ಕೆ ಹೊಯ್ದೆ. ಊರಿನ ಬೆಕ್ಕುಗಳೆಲ್ಲ ನನ್ನನ್ನು ಹೆಸರು ಹಿಡಿದು ಕರೆಯುವಷ್ಟು ಪರಿಚಯವಾದವು.

ಮೂರನೇ ವರ್ಷ ದಿನಕರರು ಮತ್ತೆ ಬಂದರು, ಉಣ್ಣುವ ಮೊದಲೇ ಕೊಡಪಾನ ತುಂಬಿಸಿ ಪಕ್ಕದಲ್ಲಿಟ್ಟುಕೊಂಡು. ಒಂದೇ ಜಾತಿಯ ಮೆಣಸಿನ ಸಾರು. ದಾಸವಾಳದಂಥ ಕೆಂಪು, ಖಾರ ಮೊದಲು ನಕ್ಕು, ಆಮೇಲೆ ಮೆಲ್ಲಗೆ ಗದರುವಂಥದ್ದು. ಮೂರು ಸಲ ಹಾಕಿಸಿಕೊಂಡರು. ಕೊಡಪಾನ ಹಾಗೇ ಉಳಿಯಿತು. ಬೆಳಕೆಗೆ ಒಂದು ಚಿಟಿಕೆ ಬೀಜ ಬೇಕೆಂದು ಸುಶ್ಮಿತಾಳ ಹತ್ತಿರ ಕೈಯೊಡ್ಡಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಗಂಟಲು ಸರಿಮಾಡಿಕೊಂಡೆ. ಹೇಳಿದ ಮೆಣಸು ತಡವಾಗಿಯಾದರೂ ಬಂತು, ಅಂದಮೇಲೆ ಪಂದ್ಯ ನನ್ನದು, ಬರುವ ಭಾನುವಾರದಿಂದ ಮೀನಿನ ಕೆಲಸದಿಂದ ನನಗೆ ಬಿಡುಗಡೆ ಎಂದು ವಾದ ಮಂಡಿಸಿದೆ.

ದಿನಕರರು ಸಾಕ್ಷಿಯ ಮುಖ ನೋಡಿದರು. ಸಾಕ್ಷಿ ಬೀಜದ ಪೊಟ್ಟಣ ಕಟ್ಟುತ್ತಲೇ ಹೇಳಿದಳು:

"ಆ ಮೆಣಸು ಹದಕ್ಕೆ ಬರೂಕೆ ಮೂರು ವರ್ಷ ಹಿಡೀತು ಭಾವ. ಇವ್ರು ಹದಕ್ಕೆ ಬರೂಕೆ ಹದಿನೇಳು ವರ್ಷ. ಇಷ್ಟು ಕಷ್ಟದಲ್ಲಿ ಬಂದ ತಳಿ ಯಾರಾದ್ರೂ ಬಿಡ್ತಾರಾ?"