ನಕುಲ ಬಾಬು ಮತ್ತು ಮೂರು ಚೀಟಿಗಳು

ಮಾತನಾಡುತ್ತಿರುವವನ ಮುಂದೆ ಚೀಟಿ ಇಡುವ ಪದ್ಧತಿಯನ್ನು ಯಾರು ಕಂಡುಹಿಡಿದರೋ ನನಗೆ ತಿಳಿಯದು. ತಿಳಿದಿದ್ದರೆ ಅವರಿಗೊಂದು ದೀರ್ಘ ಪತ್ರ ಬರೆಯುತ್ತಿದ್ದೆ. ಎದುರಿಗೆ ನಿಂತು ‘ಸಾಕು ನಿಲ್ಲಿಸಿ’ ಎನ್ನುವವನಲ್ಲಿ ಧೈರ್ಯವಾದರೂ ಇರುತ್ತದೆ. ಚೀಟಿಯವನು ಹಾಗಲ್ಲ. ಬಾಗಿ, ನಕ್ಕು, ನೀರಿನ ಲೋಟ ಸರಿಪಡಿಸುವವನಂತೆ ಬಂದು, ಮಾತಿನ ಕತ್ತು ಕುಯ್ದು ಹೋಗುತ್ತಾನೆ. ನನ್ನ ಬಳಿ ಅಂಥ ಮೂರು ಚೀಟಿಗಳಿವೆ: ಬ್ರಿಸ್ಬೇನಿನದು, ಅಡಿಲೇಡಿನದು, ಪರ್ತಿನದು. ಮೂರನ್ನೂ ಪ್ಲಾಸ್ಟಿಕ್ ಫೈಲಿನಲ್ಲಿ ಜೋಪಾನವಾಗಿ ಇಟ್ಟಿದ್ದೇನೆ. ನನ್ನ ಮಗಳು ವಸುಧಾ ಇದನ್ನು ಕಾಯಿಲೆ ಎನ್ನುತ್ತಾಳೆ. ಅವಳು ವೈದ್ಯೆ, ಆದರೂ ಔಷಧವನ್ನು ಇದುವರೆಗೆ ಬರೆದುಕೊಟ್ಟಿಲ್ಲ.

ಮೂರು ಊರಿನಲ್ಲೂ ನಾನು ಆಡಬೇಕಿದ್ದ ವಿಷಯ ಒಂದೇ, ನಕುಲ ಬಾಬುಗಳ ಬದುಕು ಮತ್ತು ಬರಹ. ನೌಕರಿಯ ನಿಮಿತ್ತ ಹನ್ನೊಂದು ವರ್ಷ ಕಲ್ಕತ್ತೆಯಲ್ಲಿದ್ದಾಗ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಅವರು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದರು. ಉಳಿದ ಹೊತ್ತೆಲ್ಲ ಪ್ರಬಂಧ, ಕವಿತೆ. ಎರಡು ಪ್ರಬಂಧ ಸಂಕಲನ, ಒಂದು ಕವನ ಸಂಕಲನ. ಮೂರೂ ಈಗ ಅವರ ಊರಿನಲ್ಲೇ ಸಿಗುವುದಿಲ್ಲ. ನನ್ನ ಕೈ ಹಿಡಿದು ಬಂಗಾಳಿ ಅಕ್ಷರ ತಿದ್ದಿಸಿದವರು ಅವರು. ಕೊನೆಯ ಸಲ ಕಂಡಾಗ, “ನಿಮ್ಮ ಭಾಷೆಯವರಿಗೆ ನನ್ನ ವಿಷಯ ಒಮ್ಮೆ ಹೇಳಿ, ಒಮ್ಮೆ ಸಾಕು” ಎಂದಿದ್ದರು. ಮಾತು ಕೊಟ್ಟೆ. ಮೈಸೂರಿನಲ್ಲಿ ಕೇಳುವವರು ಸಿಗಲಿಲ್ಲ. ಆಸ್ಟ್ರೇಲಿಯಾಕ್ಕೆ ಹೊರಟಾಗ ನಲವತ್ತೈದು ನಿಮಿಷದ ಉಪನ್ಯಾಸವನ್ನು ಬರೆದು, ಗಡಿಯಾರ ಹಿಡಿದು ಓದಿ, ಒಯ್ದಿದ್ದೆ.

ಮೊದಲು ಮಗನಿರುವ ಬ್ರಿಸ್ಬೇನ್. ಅಲ್ಲಿನ ಕನ್ನಡ ಕೂಟದವರು ನಲವತ್ತೈದು ನಿಮಿಷವೆಂದು ಈಮೇಲಿನಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಅದರ ಮುದ್ರಿತ ಪ್ರತಿಯೂ ಫೈಲಿನಲ್ಲಿದೆ. ಮಕ್ಕಳ ನೃತ್ಯಗಳು ಹದಿನಾಲ್ಕಾದವು. ಅವುಗಳಲ್ಲಿ ಎರಡನ್ನು, ಮೊದಲ ಬಾರಿ ಧ್ವನಿವರ್ಧಕ ಕೆಟ್ಟಿತ್ತೆಂಬ ಕಾರಣಕ್ಕೆ, ಮತ್ತೆ ಮೊದಲಿನಿಂದ ಮಾಡಿಸಿದರು. ನಾನು ಮಾತು ಆರಂಭಿಸಿದ ಹನ್ನೆರಡನೆಯ ನಿಮಿಷಕ್ಕೆ ಚೀಟಿ ಬಂತು, ಅದೂ ಲಕ್ಕಿ ಡಿಪ್ ಟಿಕೆಟ್ಟಿನ ಬೆನ್ನ ಮೇಲೆ: ‘ಸರ್, ವೈಂಡ್ ಅಪ್.’ ಆ ಟಿಕೆಟ್ಟಿಗೆ ಬಹುಮಾನವೂ ಬರಲಿಲ್ಲ.

ಅಡಿಲೇಡಿನಲ್ಲಿ ನನ್ನ ಅಣ್ಣನ ಮಗನಿದ್ದಾನೆ. ಅಲ್ಲಿ ನಾನು ವೇದಿಕೆ ಹತ್ತುವ ವೇಳೆಗೆ ಪರದೆಯ ಮೇಲೆ ಉದ್ದ ಗಡ್ಡದ ಮಹನೀಯರೊಬ್ಬರ ಚಿತ್ರ ಬೆಳಗುತ್ತಿತ್ತು. ನಕುಲ ಬಾಬುಗಳಿಗೆ ಮೀಸೆ ಕೂಡ ಇರಲಿಲ್ಲ. ಕಾರ್ಯದರ್ಶಿಯನ್ನು ಕರೆದು ಕೇಳಿದೆ.

“ಅಂಕಲ್, ನೀವು ಬೆಂಗಾಲಿ ಪೊಯೆಟ್ ಅಂದ್ರಲ್ಲ, ಸರ್ಚ್ ಮಾಡ್ದೆ, ಇವ್ರೇ ಬಂದ್ರು” ಎಂದ.

“ಇವರು ಬೇರೆ, ಅವರು ಬೇರೆ.”

“ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ ಅಂಕಲ್. ಹಿಂದೆ ಕೂತೋರಿಗೆ ಏನ್ ಗೊತ್ತಾಗತ್ತೆ?”

ಆ ಚಿತ್ರದ ವಿಷಯದಲ್ಲಿ ಸಭೆಗೆ ಸ್ಪಷ್ಟನೆ ಕೊಡುವುದರಲ್ಲೇ ಒಂಬತ್ತು ನಿಮಿಷ ಹೋಯಿತು. ಹತ್ತನೆಯದಕ್ಕೆ ಟಿಶ್ಯೂ ಕಾಗದವೊಂದು ಬಂತು: ‘ಪೂರಿ ಆರ್ತಿದೆ.’

ವಸುಧಾಳ ಊರಾದ ಪರ್ತಿನಲ್ಲಿ ಚೀಟಿ ನನಗಿಂತ ಮೊದಲೇ ಬಂದಿತ್ತು. ಮೈಕಿಗೆ ಹಳದಿ ಕಾಗದ ಅಂಟಿಸಿದ್ದರು: ‘ಐದೇ ನಿಮಿಷ.’ ಏಕೆಂದು ಕೇಳಿದ್ದಕ್ಕೆ ನಿರೂಪಣೆಯ ಹೆಣ್ಣುಮಗಳು, “ಜೂಂಡಲಪ್‌ನಿಂದ ಬಂದೋರು ವಾಪಸ್ ಹೋಗ್ಬೇಕಲ್ಲ ಅಂಕಲ್, ದೂರ ಆಗತ್ತೆ” ಎಂದಳು. ಅದು ಪರ್ತಿನದೇ ಒಂದು ಬಡಾವಣೆ. ನಾನು ಮೈಸೂರಿನಿಂದ ಬಂದಿದ್ದೆ.

ಅಂದು ಮನೆಗೆ ಮರಳುವಾಗ ಕಾರಿನಲ್ಲೇ ಆ ಹಳದಿ ಕಾಗದವನ್ನು ಫೈಲಿಗೆ ಸೇರಿಸಿದೆ. ಮಂಗಳವಾರ ನನ್ನ ವಿಮಾನ. ಕೊಟ್ಟ ಮಾತನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗಬೇಕಾಗಿತ್ತು. ವಸುಧಾ ಕ್ಯಾನಿಂಗ್ ವೇಲ್‌ನ ತನ್ನ ಮನೆಯ ಮುಂದೆ ಕಾರು ನಿಲ್ಲಿಸಿ, “ಅಪ್ಪ, ಭಾನುವಾರ ಇಲ್ಲೇ ಹಾಲ್‌ನಲ್ಲಿ ಮಾತಾಡಿ. ಹನ್ನೆರಡು ಜನರನ್ನ ಕರೀತೀನಿ. ಎಷ್ಟ್ ಹೊತ್ತಾದ್ರೂ ಮಾತಾಡಿ, ಚೀಟಿ ತಂದೋರನ್ನ ನಾನೇ ಆಚೆ ಕಳಿಸ್ತೀನಿ” ಎಂದಳು. ನನ್ನ ಕಣ್ಣು ತುಂಬಿದ್ದು ಏರ್ ಕಂಡೀಷನರಿನಿಂದ ಎಂದು ಹೇಳಿದೆ.

ಹನ್ನೆರಡು ಜನವೂ ಬಂದರು. ಎಲ್ಲರ ಫೋನುಗಳನ್ನು ವಸುಧಾ ಬುಟ್ಟಿಯೊಂದಕ್ಕೆ ಹಾಕಿಸಿಕೊಂಡಳು. ಇಂಥ ಉಪನ್ಯಾಸ ಸಭಾಂಗಣದಲ್ಲಿ ನಡೆಯದೆ ಸೋಫಾಗಳ ನಡುವೆ ಏಕೆ ನಡೆಯುತ್ತಿದೆ ಎಂಬ ಹಿನ್ನೆಲೆಯನ್ನು ತಿಳಿಸದೆ ವಿಷಯಕ್ಕೆ ಹಾರುವುದು ಕ್ರಮವಲ್ಲ. ಆದ್ದರಿಂದ ಬ್ರಿಸ್ಬೇನಿನಿಂದ ಆರಂಭಿಸಿದೆ. ಈಮೇಲನ್ನು ಪೂರ್ತಿ ಓದಿದೆ. ಹದಿನಾಲ್ಕು ನೃತ್ಯಗಳನ್ನು ಅನುಕ್ರಮವಾಗಿ ಹೇಳಿದೆ. ಲಕ್ಕಿ ಡಿಪ್ ಟಿಕೆಟ್ಟು ಕೈಯಿಂದ ಕೈಗೆ ಹೋಯಿತು. ಜನ ನಕ್ಕರು, ಅಷ್ಟು ತನ್ಮಯರಾದ ಶ್ರೋತೃಗಳು ನನಗೆ ಸಿಕ್ಕಿರಲಿಲ್ಲ. ಅಡಿಲೇಡಿನ ಗಡ್ಡ ಮುಗಿಸಿ, ಪರ್ತಿನ ಮೈಕಿಗೆ ಕೈ ಹಾಕುವಷ್ಟರಲ್ಲಿ ವಸುಧಾ ಬಂದು ನೀರಿನ ಲೋಟ ಸರಿಪಡಿಸಿದಳು. ಕೆಳಗೆ ಅವಳ ಕ್ಲಿನಿಕ್ಕಿನ ಪ್ಯಾಡಿನ ಹಾಳೆ: ‘ಅಪ್ಪ, ಒಂದು ಗಂಟೆ ಆಯ್ತು. ನಕುಲ ಬಾಬು ಯಾವಾಗ ಬರ್ತಾರೆ?’

ಗಡಿಯಾರ ನೋಡಿದೆ. ಆಗಲೇ ಇಬ್ಬರು ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದರು. ಬರೆದುಕೊಂಡು ಹೋಗಿದ್ದ ಹಾಳೆಗಳನ್ನು ಪಕ್ಕಕ್ಕಿಟ್ಟು, ನಕುಲ ಬಾಬುಗಳ ಒಂದೇ ಒಂದು ಪ್ರಬಂಧವನ್ನು ಹೇಳಿದೆ. ಸಭೆಯೊಂದರಲ್ಲಿ ಯಾರೋ ಒಬ್ಬ ಅವರ ಹೊಸ ಕೊಡೆಯನ್ನು ಒಯ್ದ. ವಾರದ ಮೇಲೆ ಆತ ಅದೇ ಕೊಡೆ ಹಿಡಿದು ಎದುರಾದ, ಮಳೆ ಬಂತು, ಆತ ಇವರನ್ನೂ ಕರೆದು ಕೊಡೆಯೊಳಗೆ ಸೇರಿಸಿಕೊಂಡು ಮನೆ ಮುಟ್ಟಿಸಿದ. ಇಂಥ ಉದಾರಿ ಆ ಬೀದಿಯಲ್ಲೇ ಇರಲಿಲ್ಲವೆಂದು ಇವರು ಬರೆದರು. ಇಷ್ಟಕ್ಕೆ ನಾಲ್ಕು ನಿಮಿಷ ಹಿಡಿಯಿತು. ಚಪ್ಪಲಿ ಹುಡುಕುತ್ತಿದ್ದವರು ಒಳಗೆ ಬಂದು ಕುಳಿತರು.

“ಕೊಡೆ ತಗೊಂಡೋರು ಯಾರು ಅಂಕಲ್?” ಎಂದು ಅವರಲ್ಲೊಬ್ಬರು ಕೇಳಿದರು.

ನಾನೂ ಹಿಂದೆ ಅದನ್ನೇ ಕೇಳಿದ್ದೆ. ಹೆಸರು ಮರೆತೆನೆಂದು ನಕುಲ ಬಾಬುಗಳು ನಕ್ಕಿದ್ದರು. ಹನ್ನೊಂದು ವರ್ಷದಲ್ಲಿ ಅವರ ಮೇಲೆ ನನಗೆ ಸಿಟ್ಟು ಬಂದದ್ದು ಅದೊಂದೇ ಸಲ. ಕೊಡೆ ಒಯ್ದವನ ಹೆಸರು ಮರೆಯುವುದೆಂದರೇನು?

ಮಂಗಳವಾರ ವಿಮಾನದಲ್ಲಿ ಕುಳಿತು ಫೈಲು ತೆರೆದೆ. ಕ್ಲಿನಿಕ್ಕಿನ ಹಾಳೆಯನ್ನು ನಾಲ್ಕನೆಯದಾಗಿ ಸೇರಿಸಿದ್ದೇನೆ. ಬರೆದವಳ ಹೆಸರು, ದಿನ, ಗಂಟೆ ಹಿಂಬದಿಯಲ್ಲಿ ನಮೂದಾಗಿವೆ.